ಅಕ್ಷರ ಓದಿದರೂ ಅರ್ಥ ತಿಳಿಯದು: ಗುಹ್ಯರೋಗಾಣುಗಳ ಅಜ್ಞಾತ ಪ್ರೋಟೀನುಗಳು

ರೋಗಕ್ಕೆ ಹೆಸರಿಡುವುದು ಬೇರೆ, ರೋಗವನ್ನು ಅರಿಯುವುದು ಬೇರೆ. ಸಿಫಿಲಿಸ್ ರೋಗದ ಇತಿಹಾಸ ಈ ಮಾತಿಗೆ ಒಳ್ಳೆಯ ನಿದರ್ಶನ. 1495ರಲ್ಲಿ ಫ್ರೆಂಚ್ ಸೈನ್ಯವು ಇಟಲಿಯ ನೇಪಲ್ಸ್ ನಗರವನ್ನು ಆಕ್ರಮಿಸಿದ ಸಂದರ್ಭದಲ್ಲಿ ಈ ರೋಗವು ಯುರೋಪಿನಲ್ಲಿ ಭೀಕರವಾಗಿ ಹಬ್ಬಿತು. ಇಟಲಿಯವರು ಅದನ್ನು ಫ್ರೆಂಚರ ರೋಗವೆಂದು ಕರೆದರೆ ಫ್ರೆಂಚರು ನೇಪಲ್ಸಿನ ರೋಗವೆಂದು ಕರೆದರು. ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತದ ಪಶ್ಚಿಮ ಕರಾವಳಿಯನ್ನು ತಲುಪಿತೆಂಬುದು ವೈದ್ಯಕೀಯ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ ಇದನ್ನು 'ಫಿರಂಗರೋಗ'ವೆಂದು ವರ್ಣಿಸಿದನು. ಕನ್ನಡದಲ್ಲಿ ಅದು 'ಪರಂಗಿ ಹುಣ್ಣು' ಆಯಿತು. ಮರಾಠಿಯಲ್ಲಿ 'ಗರಮಿ' ಎಂಬ ಮಾತು ರೂಢಿಗೆ ಬಂದಿತು. 'ಸಿಫಿಲಿಸ್' ಎಂಬ ಹೆಸರಾದರೂ ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ. ವೆರೋನಾ ನಗರದ ವೈದ್ಯಕವಿ ಫ್ರಕಾಸ್ತೊರೊ 1530ರಲ್ಲಿ ಪ್ರಕಟಿಸಿದ ಲ್ಯಾಟಿನ್ ಕಾವ್ಯವೊಂದರಲ್ಲಿ ಬರುವ ಕುರುಬನ ಹೆಸರಿನಿಂದ ಅದು ಬಂದಿದೆ.

ಗೋವೆಗೆ ಈ ಕಥೆಯಲ್ಲಿ ವಿಶೇಷ ಸ್ಥಾನವಿದೆ. 1534ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಭಾರತದ ಔಷಧಿಗಳನ್ನು ಕುರಿತ ತನ್ನ ಸಂವಾದಗ್ರಂಥವನ್ನು 1563ರಲ್ಲಿ ಗೋವೆಯಲ್ಲಿಯೇ ಮುದ್ರಿಸಿದನು. ಪಣಜಿಯ ಉದ್ಯಾನವೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಆ ಗ್ರಂಥದ ಒಂದು ಸಂವಾದವು ಚೀನಾದಿಂದ ಬರುತ್ತಿದ್ದ ಬೇರೊಂದನ್ನು ಕುರಿತದ್ದು. ಸಿಫಿಲಿಸ್‌ಗೆ ಮದ್ದೆಂದು ಆ ಕಾಲದಲ್ಲಿ ಪ್ರಸಿದ್ಧವಾಗಿದ್ದ ಆ ಬೇರನ್ನು ಮರಾಠಿಯಲ್ಲಿ 'ಚೋಪಚೀನಿ' ಎಂದೂ ಕನ್ನಡದಲ್ಲಿ 'ಪರಂಗಿ ಚಕ್ಕೆ' ಎಂದೂ ಕರೆಯುತ್ತಾರೆ. ಹೀಗೆ ಕನ್ನಡದಲ್ಲಿ ರೋಗವೂ ಪರಂಗಿಯದು, ಚೀನಾದಿಂದ ಬಂದ ಮದ್ದೂ ಪರಂಗಿಯದು. ಬಂದ ದಾರಿಯ ಗುರುತು ಹೆಸರಿನಲ್ಲಿ ಉಳಿಯಿತು. ರೋಗ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಆ ಯಾವ ಹೆಸರಿನಲ್ಲಿಯೂ ಉತ್ತರವಿರಲಿಲ್ಲ.

ಉತ್ತರ ದೊರೆಯಲು ಸೂಕ್ಷ್ಮದರ್ಶಕದ ಯುಗ ಬರಬೇಕಾಯಿತು. 1879ರಲ್ಲಿ ಆಲ್ಬರ್ಟ್ ನೈಸರ್ ಗೊನೊರಿಯಾದ ಬ್ಯಾಕ್ಟೀರಿಯಾವನ್ನು ಗುರುತಿಸಿದನು. 1905ರಲ್ಲಿ ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಎಂಬವರು ಸಿಫಿಲಿಸ್‌ನ ಸುರುಳಿಯಾಕಾರದ ರೋಗಾಣುವನ್ನು ಕಂಡರು. ಇಂದು ಅದರ ಹೆಸರು ಟ್ರೆಪೊನಿಮಾ ಪ್ಯಾಲಿಡಮ್. ಅದೇ ವರ್ಷ ಮದ್ರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಮತ್ತೊಂದು ಗುಹ್ಯರೋಗದ ಹುಣ್ಣಿನಲ್ಲಿ ವಿಶಿಷ್ಟ ಕಾಯಗಳನ್ನು ಕಂಡು ವಿವರಿಸಿದನು. ಆ ರೋಗಕ್ಕೆ 'ಡೊನೊವನೋಸಿಸ್' ಎಂಬ ಹೆಸರು ನಿಂತಿತು. ಕಣ್ಣಿನ ಟ್ರಕೋಮಾ ರೋಗಕ್ಕೂ ಜನನಾಂಗಗಳ ಸೋಂಕಿಗೂ ಕಾರಣವಾಗುವ ಕ್ಲಮೈಡಿಯಾವನ್ನು 1907ರಲ್ಲಿ ಜಾವಾ ದ್ವೀಪದಲ್ಲಿ ಗುರುತಿಸಲಾಯಿತು. ರೋಗದ ಕರ್ತೃ ಯಾರೆಂಬುದು ಹೀಗೆ ತಿಳಿಯಿತು. ಆ ಕರ್ತೃವಿನ ಒಳಗೆ ಏನಿದೆ ಎಂಬುದನ್ನು ಓದಲು ಇನ್ನೂ ತೊಂಬತ್ತು ವರ್ಷಗಳು ಹಿಡಿದವು.

ರೋಗಾಣುವಿನ ಅಕ್ಷರಮಾಲೆ

ಪ್ರತಿಯೊಂದು ಜೀವಿಯ ಜೀವಕೋಶದಲ್ಲಿಯೂ ಡಿಎನ್‌ಎ ಎಂಬ ಉದ್ದನೆಯ ಎಳೆಯಿದೆ. ಈ ಎಳೆಯ ಬರಹಕ್ಕೆ ನಾಲ್ಕೇ ಅಕ್ಷರಗಳು. ಮೂರು ಮೂರು ಅಕ್ಷರಗಳ ಗುಂಪು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡು ಮಡಿಕೆಯಾಗಿ ಮಡಚಿಕೊಂಡಾಗ ಪ್ರೋಟೀನ್ ಸಿದ್ಧವಾಗುತ್ತದೆ. ಆಹಾರವನ್ನು ಒಡೆಯುವ ಕಿಣ್ವಗಳು, ಜೀವಕೋಶದ ಪೊರೆಯ ಬಾಗಿಲುಗಳು, ಬೇರೆ ಜೀವಕೋಶಕ್ಕೆ ಅಂಟಿಕೊಳ್ಳುವ ಕೊಕ್ಕೆಗಳು, ಇವೆಲ್ಲವೂ ಬಹುಪಾಲು ಪ್ರೋಟೀನುಗಳೇ. ಒಂದು ಪ್ರೋಟೀನಿನ ಪಾಠವನ್ನು ಹೊತ್ತಿರುವ ಡಿಎನ್‌ಎ ಭಾಗಕ್ಕೆ ಜೀನ್ ಎಂದೂ ಒಂದು ಜೀವಿಯ ಡಿಎನ್‌ಎ ಬರಹದ ಸಮಗ್ರ ಪಾಠಕ್ಕೆ ಜೀನೋಮ್ ಎಂದೂ ಹೆಸರು.

1995ರಲ್ಲಿ ಮೈಕೊಪ್ಲಾಸ್ಮಾ ಜೆನಿಟೇಲಿಯಮ್ ಎಂಬ ಬ್ಯಾಕ್ಟೀರಿಯಾದ ಪೂರ್ಣ ಜೀನೋಮ್ ಪ್ರಕಟವಾಯಿತು. ಮೂತ್ರನಾಳದ ಉರಿಯೂತದಿಂದ ಬಳಲುತ್ತಿದ್ದ ಪುರುಷರಲ್ಲಿ ಮೊದಲು ದೊರೆತ ಈ ಜೀವಿಯ ಪಾಠದ ಉದ್ದ 5,80,070 ಅಕ್ಷರಗಳು ಮಾತ್ರ. 1998ರಲ್ಲಿ ಸಿಫಿಲಿಸ್ ರೋಗಾಣುವಿನ 11,38,006 ಅಕ್ಷರಗಳೂ ಕ್ಲಮೈಡಿಯಾದ ಸುಮಾರು ಹತ್ತೂವರೆ ಲಕ್ಷ ಅಕ್ಷರಗಳೂ ಓದಿಗೆ ದಕ್ಕಿದವು. ಮನುಷ್ಯನ ಜೀನೋಮಿನ ಮುನ್ನೂರು ಕೋಟಿ ಅಕ್ಷರಗಳ ಮುಂದೆ ಇವು ಪುಟ್ಟ ಹೊತ್ತಗೆಗಳು. ಆದ್ದರಿಂದ ಇವುಗಳ ರಹಸ್ಯ ಬೇಗನೆ ಬಯಲಾಗುವುದೆಂಬ ನಿರೀಕ್ಷೆ ಸಹಜವಾಗಿತ್ತು. ಆದರೆ ಸಿಫಿಲಿಸ್ ರೋಗಾಣುವಿನಲ್ಲಿ ಗುರುತಿಸಲಾದ 1041 ಜೀನುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನವುಗಳ ಕೆಲಸವನ್ನು ಮಾತ್ರ ಹೇಳಲು ಸಾಧ್ಯವಾಯಿತು. ಉಳಿದವುಗಳ ಮುಂದೆ ಒಂದೇ ಟಿಪ್ಪಣಿ ಬಿದ್ದಿತು: 'ಹೈಪಥೆಟಿಕಲ್ ಪ್ರೋಟೀನ್'.

ಈ ಟಿಪ್ಪಣಿಯನ್ನು ಕನ್ನಡಕ್ಕೆ ತರುವಾಗ ಎಚ್ಚರ ಬೇಕು. 'ಕಾಲ್ಪನಿಕ ಪ್ರೋಟೀನ್' ಎಂದರೆ ಇಲ್ಲದ್ದನ್ನು ಕಟ್ಟಿ ಹೇಳಿದಂತಾಗುತ್ತದೆ. 'ಊಹಿತ ಪ್ರೋಟೀನ್' ಎಂಬುದು ಹೆಚ್ಚು ಸರಿಯಾದೀತು. ಪ್ರೋಟೀನಿನ ಪಾಠವೊಂದು ಆರಂಭವಾಗುವುದಕ್ಕೂ ಮುಗಿಯುವುದಕ್ಕೂ ನಿಶ್ಚಿತ ಅಕ್ಷರಗುಂಪುಗಳಿವೆ. ಗಣಕಯಂತ್ರವು ಜೀನೋಮನ್ನು ಓದುತ್ತ ಹೋಗಿ, ಆರಂಭ ಸೂಚಕದಿಂದ ಅಂತ್ಯ ಸೂಚಕದವರೆಗೆ ಸಾಕಷ್ಟು ದೀರ್ಘವಾದ ಪಾಠ ಕಂಡಲ್ಲಿ 'ಇಲ್ಲಿ ಒಂದು ಪ್ರೋಟೀನ್ ಇರಬೇಕು' ಎಂದು ಗುರುತು ಹಾಕುತ್ತದೆ. ಆ ಪ್ರೋಟೀನನ್ನು ಯಾರೂ ಕಂಡಿಲ್ಲ. ಅದರ ಕೆಲಸವನ್ನು ಯಾರೂ ಪರೀಕ್ಷಿಸಿಲ್ಲ. ಆದ್ದರಿಂದ ಅದು ಊಹಿತ. ಮುಂದೆ ಅದು ಜೀವಕೋಶದಲ್ಲಿ ನಿಜವಾಗಿಯೂ ಇದೆಯೆಂದು ತಿಳಿದರೂ ಕೆಲಸ ತಿಳಿಯದಿದ್ದರೆ ಅದನ್ನು 'ಲಕ್ಷಣ ನಿರ್ಣಯವಾಗದ ಪ್ರೋಟೀನ್' ಎನ್ನುತ್ತಾರೆ. ಇಂಥವುಗಳಿಗೆ ಹೆಸರೂ ಇಲ್ಲ. ಟಿಪಿ 0435, ಸಿಟಿ 858 ಎಂದು ಜೀನೋಮಿನಲ್ಲಿ ಅವು ಕುಳಿತ ಕ್ರಮಸಂಖ್ಯೆಯೇ ಅವುಗಳ ಗುರುತು.

ಲಿಪಿ ಮತ್ತು ಅರ್ಥ

ಅಕ್ಷರಗಳನ್ನೆಲ್ಲ ಓದಿಯೂ ಅರ್ಥ ತಿಳಿಯದ ಸ್ಥಿತಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪ್ಯಾಪಿರಸ್ಸಿನ ಗ್ರೀಕ್ ಪ್ರಹಸನವೊಂದು 1903ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಿಂದೂ ಮಹಾಸಾಗರದ ತೀರದ ಅರಸನೂ ಅವನ ಪರಿವಾರದವರೂ ಗ್ರೀಕ್ ಅಲ್ಲದ ಯಾವುದೋ ಭಾಷೆಯಲ್ಲಿ ಮಾತನಾಡುತ್ತಾರೆ. ಆ ಮಾತುಗಳು ಗ್ರೀಕ್ ಲಿಪಿಯಲ್ಲಿವೆ. ಒಂದೊಂದು ಅಕ್ಷರವನ್ನೂ ಉಚ್ಚರಿಸಬಹುದು. 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಅದು ಕನ್ನಡವೆಂದು ಊಹಿಸಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ದಾರಿಯಲ್ಲಿ ಮುಂದುವರಿದರು. ಬಾರ್ನೆಟ್ ಎಂಬ ವಿದ್ವಾಂಸರು 1926ರಲ್ಲಿ ಅದನ್ನು ಒಪ್ಪಲಿಲ್ಲ. ಲಿಪಿಯ ಬಗ್ಗೆ ಯಾರಿಗೂ ವಿವಾದವಿಲ್ಲ. ವಿವಾದವೆಲ್ಲ ಅರ್ಥದ ಬಗ್ಗೆ.

ಊಹಿತ ಪ್ರೋಟೀನುಗಳ ಸ್ಥಿತಿಯೂ ಇದೇ. ಅವುಗಳಲ್ಲಿ ಎರಡು ವರ್ಗಗಳನ್ನು ಗುರುತಿಸಬಹುದು. ಕೆಲವು ಅನೇಕ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚು ಬದಲಾವಣೆಯಿಲ್ಲದೆ ಕಾಣಿಸಿಕೊಳ್ಳುತ್ತವೆ. ಕನ್ನಡ, ತಮಿಳು, ತೆಲುಗುಗಳಲ್ಲಿ ಒಂದೇ ರೂಪದಲ್ಲಿದ್ದು ಎಲ್ಲಿಯೂ ಅರ್ಥ ತಿಳಿಯದ ಪದದಂತೆ ಇವು. ಇಷ್ಟು ಕಡೆ ಉಳಿದುಬಂದಿರಬೇಕಾದರೆ ಏನೋ ಮುಖ್ಯವಾದ ಕೆಲಸ ಇರಲೇಬೇಕು. ಇನ್ನು ಕೆಲವು ಒಂದೇ ಜೀವಿಯಲ್ಲಿ ಮಾತ್ರ ಕಾಣುತ್ತವೆ. ಒಂದೇ ಶಾಸನದಲ್ಲಿ ಒಮ್ಮೆ ಮಾತ್ರ ಬಂದು ಮತ್ತೆಲ್ಲಿಯೂ ಕಾಣದ ಪದಗಳಂತೆ. ಆ ರೋಗಾಣುವಿನ ವಿಶಿಷ್ಟ ಸ್ವಭಾವದ ಗುಟ್ಟು ಈ ಎರಡನೆಯ ವರ್ಗದಲ್ಲಿ ಅಡಗಿರುವ ಸಂಭವ ಹೆಚ್ಚು.

ಕೆಲಸ ತಿಳಿಯದ್ದು ಅನಗತ್ಯವೆಂದು ಭಾವಿಸುವಂತಿಲ್ಲ. 2016ರಲ್ಲಿ ಅಮೆರಿಕದ ಕ್ರೇಗ್ ವೆಂಟರ್ ಸಂಸ್ಥೆಯ ವಿಜ್ಞಾನಿಗಳು ಆಡುಗಳಲ್ಲಿ ರೋಗ ತರುವ ಮೈಕೊಪ್ಲಾಸ್ಮಾವೊಂದರ ಜೀನೋಮನ್ನು ಆಧಾರವಾಗಿಟ್ಟುಕೊಂಡು, ಬಿಡಬಹುದಾದ ಜೀನುಗಳನ್ನೆಲ್ಲ ಬಿಟ್ಟು, ಕೇವಲ 473 ಜೀನುಗಳಿಂದ ಬದುಕುವ ಜೀವಕೋಶವನ್ನು ರಚಿಸಿದರು. ಅವುಗಳಲ್ಲಿ 149 ಜೀನುಗಳ ಕೆಲಸವೇನೆಂದು ಆಗ ತಿಳಿದಿರಲಿಲ್ಲ. ಬದುಕಿಗೆ ಬೇಕಾದ ಕನಿಷ್ಠ ಸಾಮಗ್ರಿಯಲ್ಲಿಯೇ ಸುಮಾರು ಮೂರನೆಯ ಒಂದು ಪಾಲು ಅಜ್ಞಾತವಾಗಿತ್ತು.

ಕಾರಣಗಳು

ಗುಹ್ಯರೋಗಾಣುಗಳಲ್ಲಿ ಅಜ್ಞಾತದ ಪಾಲು ಇಷ್ಟು ದೊಡ್ಡದಾಗಿರಲು ಅವುಗಳ ಬದುಕಿನ ಕ್ರಮವೇ ಮುಖ್ಯ ಕಾರಣ. ಕರುಳಿನಲ್ಲಿ ವಾಸಿಸುವ ಸಾಮಾನ್ಯ ಇ-ಕೋಲಿ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಬಹುದು. ಅನುಕೂಲ ಸ್ಥಿತಿಯಲ್ಲಿ ಅದು ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ಜೀನನ್ನು ಕೆಡಿಸಿ, ಏನು ವ್ಯತ್ಯಾಸವಾಯಿತೆಂದು ಮಾರನೆಯ ದಿನವೇ ನೋಡಬಹುದು. ಸಿಫಿಲಿಸ್ ರೋಗಾಣುವಾದರೋ ಗಾಜಿನ ತಟ್ಟೆಯಲ್ಲಿ ಹಾಗೆ ಸುಲಭವಾಗಿ ಬೆಳೆಯದು. ಇಬ್ಭಾಗವಾಗಲು ಅದಕ್ಕೆ ಒಂದು ದಿನಕ್ಕೂ ಹೆಚ್ಚು ಕಾಲ ಬೇಕು. ಸಂಶೋಧಕರು ಅದನ್ನು ದಶಕಗಳ ಕಾಲ ಮೊಲಗಳ ದೇಹದಲ್ಲಿಯೇ ಉಳಿಸಿಕೊಂಡು ಬಂದರು. ಇಂದಿಗೂ ಬಹಳವಾಗಿ ಬಳಕೆಯಲ್ಲಿರುವ 'ನಿಕೋಲ್ಸ್' ಎಂಬ ತಳಿ 1912ರಲ್ಲಿ ರೋಗಿಯೊಬ್ಬನ ಮಿದುಳುಬಳ್ಳಿಯ ದ್ರವದಿಂದ ಪಡೆದದ್ದು. 2018ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಮೊಲದ ಜೀವಕೋಶಗಳ ಜೊತೆಯಲ್ಲಿ ಅದನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಅದರ ಜೀನನ್ನು ಉದ್ದೇಶಪೂರ್ವಕವಾಗಿ ಬದಲಿಸುವ ಪ್ರಯೋಗ 2021ರಲ್ಲಷ್ಟೇ ಫಲಿಸಿತು. ರೋಗಾಣುವನ್ನು ಕಂಡದ್ದಕ್ಕೂ ಅದರ ಜೀನನ್ನು ಮುಟ್ಟಲು ಸಾಧ್ಯವಾದದ್ದಕ್ಕೂ ನಡುವೆ 116 ವರ್ಷಗಳು ಕಳೆದವು.

ಕ್ಲಮೈಡಿಯಾದ ತೊಡಕು ಬೇರೆ ಬಗೆಯದು. ಅದು ಮನುಷ್ಯನ ಜೀವಕೋಶದ ಒಳಹೊಕ್ಕು, ತನ್ನ ಸುತ್ತ ಪೊರೆಯ ಚೀಲವೊಂದನ್ನು ಕಟ್ಟಿಕೊಂಡು ಅಲ್ಲಿಯೇ ಸಂತಾನ ಬೆಳೆಸುತ್ತದೆ. ಆತಿಥೇಯನ ಮನೆಯಲ್ಲಿ ಸಿಗುವ ಸಾಮಗ್ರಿಯನ್ನೇ ಬಳಸುವುದರಿಂದ ತನ್ನದೇ ಆದ ಅನೇಕ ಜೀನುಗಳನ್ನು ಕಳೆದುಕೊಂಡಿದೆ. ಉಳಿಸಿಕೊಂಡಿರುವ ವಿಚಿತ್ರ ಪ್ರೋಟೀನುಗಳಲ್ಲಿ ಹಲವು ಆತಿಥೇಯನನ್ನು ವಂಚಿಸಲು ಬೇಕಾದವು. ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯುವ ಜೀವಿಗಳಲ್ಲಿ ಇವುಗಳ ಸಮಾನರೂಪಗಳಿಲ್ಲ. ಹೋಲಿಸಿ ನೋಡಲು ಪಕ್ಕದ ಭಾಷೆಯೇ ಇಲ್ಲವಾದರೆ ಪದದ ಅರ್ಥವನ್ನು ಹೇಗೆ ಹಿಡಿಯುವುದು?

ಅರ್ಥ ಹುಡುಕುವ ದಾರಿಗಳು

ಆದರೂ ದಾರಿಗಳಿವೆ. ಮೊದಲನೆಯದು ಸಾದೃಶ್ಯ. ಅಜ್ಞಾತ ಪ್ರೋಟೀನಿನ ಅಮೈನೋ ಆಮ್ಲಗಳ ಸರಣಿಯನ್ನು ಕೆಲಸ ತಿಳಿದಿರುವ ಲಕ್ಷಾಂತರ ಪ್ರೋಟೀನುಗಳ ಸರಣಿಗಳೊಡನೆ ಗಣಕಯಂತ್ರವು ಹೋಲಿಸುತ್ತದೆ. ಬರೋ ಮತ್ತು ಎಮೆನೊ ವಿದ್ವಾಂಸರು ದ್ರಾವಿಡ ಭಾಷೆಗಳ ಜ್ಞಾತಿಪದಗಳನ್ನು ಸಾಲಾಗಿ ಇಟ್ಟು ನಿಷ್ಪತ್ತಿಕೋಶವನ್ನು ರಚಿಸಿದ ಕ್ರಮಕ್ಕೆ ಇದು ಸಮೀಪವಾದದ್ದು. ಎರಡನೆಯದು ಅವಯವ ವಿಶ್ಲೇಷಣೆ. ಪದದಲ್ಲಿ ಧಾತು, ಪ್ರತ್ಯಯಗಳಿರುವಂತೆ ಪ್ರೋಟೀನಿನಲ್ಲಿ ಸ್ವತಂತ್ರವಾಗಿ ಮಡಚಿಕೊಳ್ಳುವ ಖಂಡಗಳಿರುತ್ತವೆ. ಇಡೀ ಪ್ರೋಟೀನ್ ಅಪರಿಚಿತವಾಗಿದ್ದರೂ ಅದರ ಒಂದು ಖಂಡ ಪರಿಚಿತವಾಗಿರಬಹುದು. ಮೂರನೆಯದು ವಿಳಾಸ. ಜೀವಕೋಶದ ಹೊರಮೈಗೆ ಹೋಗಬೇಕಾದ ಅನೇಕ ಪ್ರೋಟೀನುಗಳ ಆರಂಭದಲ್ಲಿ ಅದನ್ನು ಸೂಚಿಸುವ ಸಣ್ಣ ಸರಣಿ ಇರುತ್ತದೆ. ಅದನ್ನು ನೋಡಿ ಆ ಪ್ರೋಟೀನ್ ಎಲ್ಲಿ ವಾಸಿಸುತ್ತದೆಂದು ಊಹಿಸಬಹುದು. ನಾಲ್ಕನೆಯದು ಸಂದರ್ಭ. ಬ್ಯಾಕ್ಟೀರಿಯಾಗಳಲ್ಲಿ ಒಂದೇ ಕೆಲಸಕ್ಕೆ ಬೇಕಾದ ಜೀನುಗಳು ಹಲವು ಸಲ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಹಳಗನ್ನಡ ಪದ್ಯದ ಕಠಿಣ ಪದವೊಂದರ ಅರ್ಥವನ್ನು ಹಿಂದುಮುಂದಿನ ಪದಗಳಿಂದ ಹೊಂದಿಸುವಂತೆ, ನೆರೆಯ ಜೀನುಗಳಿಂದ ಅಜ್ಞಾತ ಜೀನಿನ ಕೆಲಸವನ್ನು ಊಹಿಸುತ್ತಾರೆ.

ಐದನೆಯದು ಆಕಾರ. ಪ್ರೋಟೀನಿನ ಮಡಿಕೆಗಳಿಗೆ ಸಾಧ್ಯವಾದ ಕೋನಗಳಾವುವು, ಅಸಾಧ್ಯವಾದವಾವುವು ಎಂಬುದನ್ನು ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಪ್ರೋಟೀನಿನ ಆಕಾರವನ್ನು ನಿರ್ಣಯಿಸುವವರು ಇಂದಿಗೂ ತಮ್ಮ ಫಲಿತಾಂಶವನ್ನು 'ರಾಮಚಂದ್ರನ್ ನಕ್ಷೆ'ಗೆ ಒಡ್ಡಿ ಪರೀಕ್ಷಿಸುತ್ತಾರೆ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವಭೌತ ವಿಭಾಗವನ್ನು ಕಟ್ಟಿದರು. ಈಗ ಸರಣಿಯಿಂದಲೇ ಆಕಾರವನ್ನು ಊಹಿಸುವ 'ಆಲ್ಫಾಫೋಲ್ಡ್' ಎಂಬ ಗಣಕತಂತ್ರ ಬಂದಿದೆ. 2022ರಲ್ಲಿ ಅದು ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ಆಕಾರಗಳನ್ನು ಬಹಿರಂಗಗೊಳಿಸಿತು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಈ ಕಾರ್ಯಕ್ಕೂ ಪಾಲು ದೊರೆಯಿತು. ಆದರೆ ಆಕಾರ ತಿಳಿದ ಮಾತ್ರಕ್ಕೆ ಕೆಲಸ ತಿಳಿಯುವುದಿಲ್ಲ. ಬೀಗವಿಲ್ಲದೆ ಬರಿಯ ಬೀಗದ ಕೈ ದೊರೆತರೆ ಅದು ಯಾವ ಬಾಗಿಲಿನದೆಂದು ಹೇಳಲಾಗದು.

ಈ ದಾರಿಗಳಲ್ಲಿ ಹಲವನ್ನು ಒಟ್ಟಿಗೆ ಬಳಸಿದ ಒಂದು ಅಧ್ಯಯನ ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯದಿಂದ 2015ರಲ್ಲಿ ಪ್ರಕಟವಾಯಿತು. ಸಿಫಿಲಿಸ್ ರೋಗಾಣುವಿನ ಒಂದು ತಳಿಯ 1027 ಪ್ರೋಟೀನುಗಳಲ್ಲಿ 444 ಊಹಿತ ವರ್ಗದಲ್ಲಿದ್ದವು. ಅವೆಲ್ಲವನ್ನೂ ಪರಿಶೀಲಿಸಿದ ಸಂಶೋಧಕರು 207 ಪ್ರೋಟೀನುಗಳ ಕೆಲಸವನ್ನು ಹೆಚ್ಚಿನ ವಿಶ್ವಾಸದಿಂದ ಊಹಿಸಿದರು. ಉಳಿದ 237ರ ಬಗ್ಗೆ ತಮ್ಮ ಊಹೆಗೆ ಅಷ್ಟು ನಿಖರತೆಯಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಕಿಣ್ವಗಳು, ಸಾಗಣೆಯ ಪ್ರೋಟೀನುಗಳು, ಬೇರೆ ಅಣುಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳು ಆ ಪಟ್ಟಿಯಲ್ಲಿ ಕಂಡುಬಂದವು. ಮೊಲಗಳಾಗಲಿ ದುಬಾರಿ ಪ್ರಯೋಗಾಲಯವಾಗಲಿ ಇಲ್ಲದೆ, ಎಲ್ಲರಿಗೂ ತೆರೆದಿರುವ ದತ್ತಾಂಶ ಕೋಶಗಳು ಮತ್ತು ಗಣಕಯಂತ್ರಗಳ ಬಲದಿಂದ ನಡೆಯಬಹುದಾದ ಕೆಲಸವಿದು. ಮುಂದಿನ ಪ್ರಯೋಗಗಳಿಗೆ ಎಲ್ಲಿ ಕೈಹಾಕಬೇಕೆಂಬ ದಿಕ್ಕನ್ನು ಇಂಥ ಅಧ್ಯಯನ ತೋರುತ್ತದೆ.

ಅನುಮಾನ: ಎರಡು ಭಾಷೆ, ಎರಡು ಅರ್ಥ

ಸಾದೃಶ್ಯದ ದಾರಿಯಲ್ಲಿ ಒಂದು ಅಪಾಯವಿದೆ. ಎರಡು ಭಾಷೆಗಳ ನಡುವೆ ಬದುಕುವವರು ಅದನ್ನು ಚೆನ್ನಾಗಿ ಬಲ್ಲರು. 'ಉಪನ್ಯಾಸ' ಎಂಬ ಪದ ಹಿಂದಿಯಲ್ಲಿ ಕಾದಂಬರಿಯನ್ನು ಸೂಚಿಸಿದರೆ ಕನ್ನಡದಲ್ಲಿ ಭಾಷಣವನ್ನು ಸೂಚಿಸುತ್ತದೆ. ರೂಪ ಒಂದೇ, ಕೆಲಸ ಬೇರೆ. ಪ್ರೋಟೀನುಗಳಲ್ಲಿಯೂ ಹೀಗಾಗುತ್ತದೆ. ಹೋಲುವ ಪ್ರೋಟೀನಿನ ಕೆಲಸವನ್ನು ಅಜ್ಞಾತ ಪ್ರೋಟೀನಿಗೆ ಆರೋಪಿಸಿ ದತ್ತಾಂಶ ಕೋಶದಲ್ಲಿ ಬರೆದಿಟ್ಟರೆ, ಮುಂದಿನವರು ಅದನ್ನೇ ಪ್ರಮಾಣವೆಂದು ನಂಬಿ ಮತ್ತೊಂದಕ್ಕೆ ಆರೋಪಿಸುತ್ತಾರೆ. ಒಂದು ನಿಘಂಟಿನ ತಪ್ಪು ಅರ್ಥ ಅದನ್ನು ನೋಡಿ ಬರೆದ ಇನ್ನೊಂದು ನಿಘಂಟಿಗೆ ಇಳಿಯುವಂತೆ, ಪರೀಕ್ಷೆಗೆ ಒಳಗಾಗದ ಊಹೆಯೊಂದು ನಕಲಾಗುತ್ತ ನಕಲಾಗುತ್ತ ಸತ್ಯದ ವೇಷ ಧರಿಸುತ್ತದೆ.

ಪ್ರಯೋಗವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಕ್ಲಮೈಡಿಯಾದ ಸಿಟಿ 858 ಎಂಬ ಸಂಖ್ಯೆಯ ಪ್ರೋಟೀನ್ ಇತರ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವವೆಂದು 2001ರಲ್ಲಿ ತಿಳಿದುಬಂದಿತು. ಅದಕ್ಕೆ 'ಸಿಪ್ಯಾಫ್' ಎಂಬ ಹೆಸರಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಅದು ಮನುಷ್ಯನ ಜೀವಕೋಶದ ಹಲವಾರು ಪ್ರೋಟೀನುಗಳನ್ನು ಕತ್ತರಿಸುತ್ತದೆಂದು ವರದಿಗಳು ಬಂದವು. ರೋಗಾಣುವಿನ ತಂತ್ರವೇ ಇದೆಂಬ ಭಾವನೆ ಬೆಳೆಯಿತು. 2012ರಲ್ಲಿ ಮತ್ತೊಂದು ತಂಡ ಎಚ್ಚರದಿಂದ ಪರೀಕ್ಷಿಸಿದಾಗ, ಹಾಗೆ ವರದಿಯಾಗಿದ್ದ ಕತ್ತರಿಕೆಗಳಲ್ಲಿ ಹಲವು ಸೋಂಕಿತ ಜೀವಕೋಶದೊಳಗೆ ನಡೆದವುಗಳೇ ಅಲ್ಲವೆಂದು ಕಂಡಿತು. ಪರೀಕ್ಷೆಗಾಗಿ ಜೀವಕೋಶವನ್ನು ಒಡೆದ ಬಳಿಕ, ಕಿಣ್ವವು ಎಲ್ಲದರೊಡನೆ ಬೆರೆತು, ಕೊಳವೆಯಲ್ಲಿಯೇ ಅವು ಕತ್ತರಿಸಿಹೋಗಿದ್ದವು. ಪ್ರೋಟೀನಿಗೆ ಹೆಸರು ದೊರೆತು ದಶಕ ಕಳೆದ ಮೇಲೂ ಅದರ ನಿಜವಾದ ಕೆಲಸವನ್ನು ಹೊಸದಾಗಿ ಹುಡುಕಬೇಕಾಯಿತು.

ಇಲ್ಲಿ 'ಅನುಮಾನ' ಎಂಬ ಪದ ನೆನಪಿಗೆ ಬರುತ್ತದೆ. ಸಂಸ್ಕೃತದ ನ್ಯಾಯಶಾಸ್ತ್ರದಲ್ಲಿ ಅನುಮಾನವು ಒಂದು ಪ್ರಮಾಣ: ಹೊಗೆಯನ್ನು ಕಂಡು ಬೆಂಕಿಯನ್ನು ಅರಿಯುವುದು. ಮರಾಠಿಯಲ್ಲಿ ಇಂದಿಗೂ ಆ ಪದಕ್ಕೆ ತರ್ಕದಿಂದ ತಲುಪಿದ ನಿರ್ಣಯವೆಂಬ ಅರ್ಥವೇ ಉಳಿದಿದೆ. ಕನ್ನಡದಲ್ಲಾದರೋ ಅನುಮಾನವೆಂದರೆ ಸಂಶಯ. ಊಹಿತ ಪ್ರೋಟೀನುಗಳನ್ನು ಅರಿಯಲು ಹೊರಟವರಿಗೆ ಎರಡೂ ಅರ್ಥಗಳು ಬೇಕು. ಮರಾಠಿಯ ಅನುಮಾನವಿಲ್ಲದೆ ಹುಡುಕಾಟ ಆರಂಭವಾಗದು. ಕನ್ನಡದ ಅನುಮಾನವಿಲ್ಲದೆ ಆ ಹುಡುಕಾಟ ಸತ್ಯದ ಬಳಿಗೆ ತಲುಪದು.

ಇದರಿಂದ ಯಾರಿಗೆ ಪ್ರಯೋಜನ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 12.9 ಕೋಟಿ ಕ್ಲಮೈಡಿಯಾ ಸೋಂಕುಗಳೂ 8.2 ಕೋಟಿ ಗೊನೊರಿಯಾ ಸೋಂಕುಗಳೂ 71 ಲಕ್ಷ ಸಿಫಿಲಿಸ್ ಸೋಂಕುಗಳೂ ಹೊಸದಾಗಿ ಉಂಟಾದವು. ಸಿಫಿಲಿಸ್‌ಗೆ ಪೆನಿಸಿಲಿನ್ ಇಂದಿಗೂ ಪರಿಣಾಮಕಾರಿಯಾದ ಔಷಧಿ. ಆದರೆ ಗರ್ಭಿಣಿಯಲ್ಲಿ ಅದು ಪತ್ತೆಯಾಗದೆ ಉಳಿದರೆ ಶಿಶು ಗರ್ಭದಲ್ಲಿಯೇ ಸಾಯಬಹುದು, ಇಲ್ಲವೆ ರೋಗದೊಡನೆ ಹುಟ್ಟಬಹುದು. ಗೊನೊರಿಯಾದ ಬ್ಯಾಕ್ಟೀರಿಯಾ ಸಲ್ಫಾ ಔಷಧಿಗಳು, ಪೆನಿಸಿಲಿನ್ ಮೊದಲಾದವನ್ನು ಒಂದೊಂದಾಗಿ ಜಯಿಸಿದೆ. ಕ್ಲಮೈಡಿಯಾ ಬಹುಪಾಲು ಮಹಿಳೆಯರಲ್ಲಿ ಯಾವ ಲಕ್ಷಣವನ್ನೂ ತೋರದೆ ಗರ್ಭನಾಳಗಳನ್ನು ಕೆಡಿಸಿ ಬಂಜೆತನಕ್ಕೆ ಕಾರಣವಾಗಬಲ್ಲದು. ಸಿಫಿಲಿಸ್‌ಗೂ ಕ್ಲಮೈಡಿಯಾಕ್ಕೂ ಇನ್ನೂ ಲಸಿಕೆ ಇಲ್ಲ.

ಗೋವೆಯಲ್ಲಿಯೇ ನಡೆದ ಒಂದು ಅಧ್ಯಯನ ಈ ಸಮಸ್ಯೆಯ ಇನ್ನೊಂದು ಮುಖವನ್ನು ತೋರಿಸಿತು. ಸಂಗಾತ್ ಸಂಸ್ಥೆಯ ಸಂಶೋಧಕರೂ ಸೇರಿದ್ದ ತಂಡವೊಂದು ಉತ್ತರ ಗೋವೆಯ 2494 ಮಹಿಳೆಯರನ್ನು ಸಂದರ್ಶಿಸಿ ಪರೀಕ್ಷೆಗಳನ್ನು ನಡೆಸಿತು. ಅದರ ಫಲಿತಾಂಶಗಳು 2005 ಮತ್ತು 2006ರಲ್ಲಿ ಪ್ರಕಟವಾದವು. ಜನನಾಂಗ ಮಾರ್ಗದ ಸೋಂಕು ಹಲವರಲ್ಲಿದ್ದರೂ ಅವುಗಳಲ್ಲಿ ಲೈಂಗಿಕ ಸಂಪರ್ಕದಿಂದ ಬಂದವು ಸಣ್ಣ ಪಾಲು ಮಾತ್ರ. ಬಿಳಿಸೆರಗಿನ ತೊಂದರೆಯನ್ನು ಹೇಳಿಕೊಂಡ ಮಹಿಳೆಯರಲ್ಲಿ ಆ ತೊಂದರೆಗೆ ಸೋಂಕಿಗಿಂತಲೂ ಮನಸ್ಸಿನ ಮತ್ತು ಸಂಸಾರದ ಬಳಲಿಕೆಗಳೊಡನೆ ಗಾಢವಾದ ಸಂಬಂಧ ಕಂಡುಬಂದಿತು. ಲಕ್ಷಣವನ್ನು ಮಾತ್ರ ನೋಡಿ ಔಷಧಿ ಕೊಡುವ ಪದ್ಧತಿಯಲ್ಲಿ ಸೋಂಕಿಲ್ಲದ ಹೆಣ್ಣುಮಗಳಿಗೆ ಗುಹ್ಯರೋಗದ ಹಣೆಪಟ್ಟಿ ಬೀಳಬಹುದು. ಲಕ್ಷಣವಿಲ್ಲದೆ ಸೋಂಕು ಹೊತ್ತವಳು ಚಿಕಿತ್ಸೆಯಿಲ್ಲದೆ ಉಳಿಯಬಹುದು. ಮೊದಲನೆಯದರಿಂದ ಮನೆ ಒಡೆಯುತ್ತದೆ, ಎರಡನೆಯದರಿಂದ ದೇಹ ಕೆಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲವೇ ನಿಮಿಷಗಳಲ್ಲಿ, ಕಡಿಮೆ ಖರ್ಚಿನಲ್ಲಿ ನಿಜವನ್ನು ಹೇಳಬಲ್ಲ ಪರೀಕ್ಷೆ ಬೇಕಾಗಿರುವುದು ಇದಕ್ಕಾಗಿ.

ಅಂಥ ಪರೀಕ್ಷೆಗೆ ರೋಗಾಣುವಿಗೆ ಮಾತ್ರ ವಿಶಿಷ್ಟವಾದ ಪ್ರೋಟೀನ್ ಬೇಕು. ಸಿಫಿಲಿಸ್‌ನ ಇಂದಿನ ಹಲವು ಶೀಘ್ರ ಪರೀಕ್ಷೆಗಳಲ್ಲಿ ಆ ರೋಗಾಣುವಿನ 15, 17 ಮತ್ತು 47 ಎಂಬ ಸಂಖ್ಯೆಗಳ ಪ್ರೋಟೀನುಗಳನ್ನು ಬಳಸುತ್ತಾರೆ. ರೋಗಿಯ ರಕ್ತದಲ್ಲಿ ಅವುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳಿವೆಯೇ ಎಂದು ನೋಡುತ್ತಾರೆ. ಆ ಸಂಖ್ಯೆಗಳು ಅಣುತೂಕವನ್ನು ಸೂಚಿಸುತ್ತವೆ. 17ನೆಯ ಪ್ರೋಟೀನಿನ ಆಕಾರ ತಿಳಿದಿದೆ, ಲಕ್ಷಾಂತರ ಜನರ ರೋಗನಿರ್ಣಯಕ್ಕೆ ಅದು ನೆರವಾಗಿದೆ. ಆದರೂ ರೋಗಾಣುವಿನ ಬದುಕಿನಲ್ಲಿ ಅದರ ಕೆಲಸವೇನೆಂಬುದು ಸ್ಪಷ್ಟವಾಗಿಲ್ಲ.

ಲಸಿಕೆಯ ದಾರಿಯಲ್ಲಿಯೂ ಅಜ್ಞಾತ ಪ್ರೋಟೀನುಗಳು ಫಲ ಕೊಟ್ಟಿವೆ. ಗೊನೊರಿಯಾ ಬ್ಯಾಕ್ಟೀರಿಯಾದ ಹತ್ತಿರದ ಬಂಧುವಾದ ಇನ್ನೊಂದು ನೈಸೀರಿಯಾ ಮಿದುಳುಪೊರೆಯ ಉರಿಯೂತವನ್ನು ತರುತ್ತದೆ. 2000ದಲ್ಲಿ ಅದರ ಜೀನೋಮನ್ನು ಓದಿದ ರಿನೊ ರಪ್ಪುವೋಲಿ ಮತ್ತು ಸಂಗಡಿಗರು ಹೊರಮೈಯಲ್ಲಿರಬಹುದಾದ ಪ್ರೋಟೀನುಗಳನ್ನು ಊಹಿಸಿ, 350ನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಇಲಿಗಳ ಮೇಲೆ ಪರೀಕ್ಷಿಸಿದರು. ಹೀಗೆ ದೊರೆತವುಗಳಲ್ಲಿ ಒಂದಕ್ಕೆ 'ಜಿಎನ್‌ಎ 1870' ಎಂಬ ಸಂಖ್ಯೆ ಮಾತ್ರ ಇದ್ದಿತು. ಅದು ಮನುಷ್ಯನ ರಕ್ತದ ಒಂದು ಪ್ರೋಟೀನನ್ನು ಹಿಡಿದು ರೋಗಾಣುವಿಗೆ ಹೊದಿಕೆಯಂತೆ ಹೊದಿಸುತ್ತದೆಂಬುದು 2006ರಲ್ಲಿ ತಿಳಿಯಿತು. ಅದೂ ಸೇರಿದಂತೆ ಕೆಲವು ಪ್ರೋಟೀನುಗಳನ್ನೂ ರೋಗಾಣುವಿನ ಹೊರಪೊರೆಯ ಕಣಗಳನ್ನೂ ಒಳಗೊಂಡ ಲಸಿಕೆಗೆ 2013ರಲ್ಲಿ ಯುರೋಪಿನಲ್ಲಿ ಅನುಮತಿ ದೊರೆಯಿತು. ಅದು ಗೊನೊರಿಯಾವನ್ನೂ ಭಾಗಶಃ ತಡೆಯುತ್ತದೆಂಬ ಆಧಾರದ ಮೇಲೆ, ಹೆಚ್ಚಿನ ಅಪಾಯವಿರುವವರಿಗೆ ಅದನ್ನು ನೀಡುವ ಕಾರ್ಯಕ್ರಮ ಇಂಗ್ಲೆಂಡಿನಲ್ಲಿ 2025ರ ಆಗಸ್ಟಿನಲ್ಲಿ ಆರಂಭವಾಯಿತು. ಇಲ್ಲಿಯೂ ಕನ್ನಡದ ಅನುಮಾನ ಅಗತ್ಯ. ಹೊರಪೊರೆಯ ಕಣಗಳು ಮಾತ್ರ ಇದ್ದ ಹಳೆಯ ಲಸಿಕೆಯೊಂದು ನ್ಯೂಜಿಲೆಂಡಿನಲ್ಲಿ ಗೊನೊರಿಯಾವನ್ನು ನೂರಕ್ಕೆ 31ರಷ್ಟು ತಡೆದಿತೆಂದು 2017ರ ಅಧ್ಯಯನ ಹೇಳಿತ್ತು. ಆದ್ದರಿಂದ ಈ ರಕ್ಷಣೆಯಲ್ಲಿ ಯಾವ ಘಟಕದ ಪಾಲೆಷ್ಟು ಎಂಬ ವಿಚಾರಣೆ ನಡೆದೇ ಇದೆ.

ಪರಂಗಿಯೆಂಬ ಹೆಸರಿಟ್ಟವರು ರೋಗದ ಹೊಣೆಯನ್ನು ಹೊರಗಿನವರ ಮೇಲೆ ಹೊರಿಸಿ ಸುಮ್ಮನಾದರು. ಆ ಅಭ್ಯಾಸ ಪೂರ್ತಿ ಹೋಗಿಲ್ಲ. ವಲಸೆ ಕಾರ್ಮಿಕರು, ನಾವಿಕರು, ಬೀದಿಗೆ ಬಿದ್ದ ಹೆಣ್ಣುಮಕ್ಕಳು, ಇವರೇ ರೋಗದ ಮೂಲವೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಗೋವೆಯಲ್ಲಿ ಅಂಥ ಮಾತಿಗೆ ಗುರಿಯಾಗುವವರಲ್ಲಿ ಕನ್ನಡ ಮಾತನಾಡುವವರೂ ಇದ್ದಾರೆ. ನಾಚಿಕೆಯಿಂದ ಮುಚ್ಚಿಟ್ಟ ಸೋಂಕು ಗುಣವಾಗುವುದಿಲ್ಲ. ಇಂಥ ಸೋಂಕುಗಳ ಪರೀಕ್ಷೆ ಮತ್ತು ಚಿಕಿತ್ಸೆಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ' ಚಿಕಿತ್ಸಾಲಯಗಳಿವೆ ಎಂಬ ಸರಳ ಮಾಹಿತಿಯನ್ನು ಅವರ ಭಾಷೆಯಲ್ಲಿ ಹೇಳುವುದೂ ವಿದ್ಯಾವಂತರ ಕರ್ತವ್ಯ.

ರೋಗಾಣುವಿಗೆ ಊರಿಲ್ಲ, ಜಾತಿಯಿಲ್ಲ. ಅದರಲ್ಲಿರುವುದು ಸಾವಿರದಷ್ಟು ಪ್ರೋಟೀನುಗಳು. ಅವುಗಳಲ್ಲಿ ನೂರಾರು ಇನ್ನೂ ಬರಿಯ ಸಂಖ್ಯೆಗಳು. ಒಂದೊಂದು ಸಂಖ್ಯೆಗೂ ಅದರ ನಿಜವಾದ ಅರ್ಥವನ್ನು ಹುಡುಕುವುದೆಂದರೆ, ಐದು ನೂರು ವರ್ಷಗಳಿಂದ ತಪ್ಪು ಹೆಸರುಗಳಿಂದ ಕರೆಸಿಕೊಂಡ ರೋಗವನ್ನು ಕೊನೆಗೂ ಸರಿಯಾಗಿ ಓದಲು ಕಲಿಯುವುದು.